ವೆಬ್ ಪ್ರೋಗ್ರಾಮಿಂಗ್ ಸ್ವಯಂ ಕಲಿಕೆ: ಎಲ್ಲವನ್ನೂ ಕಲಿಯುವುದೋ, ಒಂದರಲ್ಲಿ ಪಳಗುವುದೋ

ವೆಬ್ ಪ್ರೋಗ್ರಾಮಿಂಗನ್ನು ಸ್ವಂತವಾಗಿ ಕಲಿಯಲು ಹೊರಟವರ ಮುಂದೆ ಬಹುಬೇಗ ಎರಡು ಪ್ರಶ್ನೆಗಳು ಒಟ್ಟಿಗೆ ಬಂದು ನಿಲ್ಲುತ್ತವೆ: ಎಲ್ಲಿಂದ ಆರಂಭಿಸಬೇಕು, ಮತ್ತು ಫ್ರಂಟ್ ಎಂಡ್ (ಬ್ರೌಸರಿನಲ್ಲಿ ಕಾಣುವ ಭಾಗ), ಬ್ಯಾಕ್ ಎಂಡ್ (ಸರ್ವರ್ ಮತ್ತು ಡೇಟಾಬೇಸಿನ ಭಾಗ), ಫುಲ್ ಸ್ಟಾಕ್ (ಎರಡೂ) ಎಂಬ ಮೂರು ದಾರಿಗಳಲ್ಲಿ ಯಾವುದನ್ನು ಹಿಡಿಯಬೇಕು. ಮೊದಲ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಎಲ್ಲರಿಗೂ ಒಂದೇ. ಎರಡನೆಯದಕ್ಕೆ ಉತ್ತರ ಕಲಿಯುವವರ ಸ್ವಭಾವವನ್ನು ಅವಲಂಬಿಸಿದೆ. ಆ ಸ್ವಭಾವವಾದರೋ ಸ್ವಲ್ಪ ಕಾಲ ಕೈಯಾರೆ ಕೆಲಸ ಮಾಡಿದ ಮೇಲಷ್ಟೇ ಅವರಿಗೇ ಗೊತ್ತಾಗುತ್ತದೆ. ಆದ್ದರಿಂದ ಈ ಬರಹದ ನಿಲುವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಒಂದು ಸಣ್ಣ ಅಪ್ಲಿಕೇಶನ್ನನ್ನು ಬ್ರೌಸರಿನಿಂದ ಡೇಟಾಬೇಸಿನವರೆಗೆ ಪೂರ್ತಿಯಾಗಿ ಕಟ್ಟಿ, ಇತರರೂ ಬಳಸುವಂತೆ ಅದು ಅಂತರಜಾಲದಲ್ಲಿ ನಡೆಯತೊಡಗುವ ತನಕ ಪರಿಣತಿಯ ಆಯ್ಕೆಯನ್ನು ಮುಂದಕ್ಕೆ ಹಾಕಬೇಕು. ಆಯ್ಕೆಯ ಹೊತ್ತು ಬಂದಾಗ ಯಾವ ಫ್ರೇಮ್‌ವರ್ಕ್ (ಅಪ್ಲಿಕೇಶನ್ ಕಟ್ಟಲು ಸಿದ್ಧವಾಗಿ ಸಿಗುವ ಕೋಡಿನ ಚೌಕಟ್ಟು) ಎಂದು ಕೇಳುವ ಬದಲು ಯಾವ ಬಗೆಯ ಸಮಸ್ಯೆ ಎಂದು ಕೇಳಬೇಕು.

ಎಲ್ಲರಿಗೂ ಸಮಾನವಾದ ಭಾಗ

1989ರಲ್ಲಿ ಟಿಮ್ ಬರ್ನರ್ಸ್-ಲೀ ಅವರು ಸರ್ನ್ ಸಂಶೋಧನಾ ಸಂಸ್ಥೆಯಲ್ಲಿ ಮುಂದಿಟ್ಟ ಪ್ರಸ್ತಾವದಿಂದ ಹುಟ್ಟಿದ ವೆಬ್ ಮೂರು ಅಂಶಗಳ ಮೇಲೆ ನಿಂತಿತು: ಪುಟದ ರಚನೆಯನ್ನು ಹೇಳುವ ಎಚ್‌ಟಿಎಂಎಲ್, ಪುಟವನ್ನು ಕೇಳಿ ಪಡೆಯುವ ಎಚ್‌ಟಿಟಿಪಿ, ಪುಟದ ವಿಳಾಸವಾದ ಯುಆರ್‌ಎಲ್. ಅವುಗಳ ಸುತ್ತ ಎಷ್ಟೋ ತಂತ್ರಜ್ಞಾನಗಳು ಬಂದು ಹೋದರೂ ಈ ಮೂರು ಕದಲಿಲ್ಲ. ಒಂದು ಫಾರ್ಮ್ ತುಂಬಿ ಬಟನ್ ಒತ್ತಿದಾಗ ಬ್ರೌಸರ್ ಎಂಥ ವಿನಂತಿಯನ್ನು ಕಳಿಸುತ್ತದೆ, ಗೆಟ್ ಮತ್ತು ಪೋಸ್ಟ್ ವಿನಂತಿಗಳಿಗೆ ಏನು ವ್ಯತ್ಯಾಸ, ಸರ್ವರ್ 200, 302, 404, 500 ಎಂಬ ಸಂಖ್ಯೆಗಳ ಮೂಲಕ ಏನನ್ನು ತಿಳಿಸುತ್ತದೆ, ಪ್ರತಿ ವಿನಂತಿಯನ್ನೂ ಹೊಸದೆಂದೇ ನೋಡುವ ಎಚ್‌ಟಿಟಿಪಿಯಲ್ಲಿ ಲಾಗಿನ್ ಆದವರ ಗುರುತನ್ನು ಕುಕಿ ಹೇಗೆ ಉಳಿಸಿಕೊಳ್ಳುತ್ತದೆ ಎಂಬುದು ಸ್ಪಷ್ಟವಾಗಿದ್ದವರಿಗೆ, ಮುಂದೆ ಯಾವ ಫ್ರೇಮ್‌ವರ್ಕ್ ಎದುರಾದರೂ ಅದು ಇದೇ ಕೆಲಸವನ್ನು ಬೇರೆ ಹೆಸರಿನಲ್ಲಿ ಮಾಡುತ್ತಿರುವುದು ಕಾಣುತ್ತದೆ. ಇದನ್ನು ಬಿಟ್ಟು ನೇರವಾಗಿ ರಿಯಾಕ್ಟ್ ಎಂಬ ಸಿದ್ಧ ಕೋಡಿನ ಲೈಬ್ರರಿಗೆ ಹಾರಿದವರು ಪುಟಗಳನ್ನೇನೋ ಕಟ್ಟುತ್ತಾರೆ. ಆದರೆ ತೊಡಕು ಬಂದಾಗ ಅದು ತಮ್ಮ ಕೋಡಿನಲ್ಲಿದೆಯೋ, ಲೈಬ್ರರಿಯಲ್ಲಿದೆಯೋ, ನೆಟ್‌ವರ್ಕಿನಲ್ಲಿದೆಯೋ ಎಂದು ಬೇರ್ಪಡಿಸಿ ನೋಡುವುದು ಅವರಿಗೆ ಕಷ್ಟವಾಗುತ್ತದೆ.

1996ರ ಕೊನೆಯಲ್ಲಿ ಮೊದಲ ಶಿಫಾರಸಾಗಿ ಹೊರಬಂದ, ಪುಟದ ರೂಪವನ್ನು ಹೇಳುವ ಸಿಎಸ್‌ಎಸ್ ಮತ್ತು ಅದಕ್ಕಿಂತ ಒಂದು ವರ್ಷ ಮುಂಚೆ ನೆಟ್‌ಸ್ಕೇಪ್‌ನಲ್ಲಿ ಬ್ರೆಂಡನ್ ಐಕ್ ರೂಪಿಸಿದ ಜಾವಾಸ್ಕ್ರಿಪ್ಟ್ ಕೂಡ ಈ ಸಮಾನ ಭಾಗಕ್ಕೇ ಸೇರುತ್ತವೆ. ಸಿಎಸ್‌ಎಸ್‌ನಲ್ಲಿ ಬಾಕ್ಸ್ ಮಾಡೆಲ್, ಫ್ಲೆಕ್ಸ್‌ಬಾಕ್ಸ್, ಗ್ರಿಡ್ ಇವಿಷ್ಟು ಕೈಗೆ ಬಂದರೆ ಆರಂಭಕ್ಕೆ ಸಾಕು. ಜಾವಾಸ್ಕ್ರಿಪ್ಟಿನಲ್ಲಿ ಮಾತ್ರ ಅವಸರ ಸಲ್ಲದು. ಫಂಕ್ಷನ್, ಅರೇ, ಆಬ್ಜೆಕ್ಟ್‌ಗಳನ್ನು ದಾಟಿ, ಸರ್ವರಿನಿಂದ ಉತ್ತರ ಬರುವವರೆಗೆ ಕಾಯದೆ ಮುಂದಕ್ಕೆ ಸಾಗುವ ಅಸಿಂಕ್ರೊನಸ್ ಕೋಡ್ ಅರ್ಥವಾಗುವ ತನಕ ಅಲ್ಲೇ ನಿಲ್ಲುವುದು ಒಳ್ಳೆಯದು, ಏಕೆಂದರೆ ಮುಂದಿನ ಗೊಂದಲಗಳಲ್ಲಿ ದೊಡ್ಡ ಪಾಲು ಹುಟ್ಟುವುದು ಅಲ್ಲಿಯೇ. ಇವುಗಳ ಜೊತೆಗೆ, ಕೋಡಿನ ಬದಲಾವಣೆಗಳ ಇತಿಹಾಸವನ್ನು ಕಾಪಿಡುವ ಗಿಟ್ ಬಳಕೆ ಮೊದಲ ವಾರದಿಂದಲೇ ಅಭ್ಯಾಸವಾಗಬೇಕು.

ಯಾರಿಂದ, ಯಾವುದರಿಂದ ಕಲಿಯುವುದು

ಉಚಿತವಾಗಿ ಸಿಗುವ ಸಾಮಗ್ರಿ ಹೇರಳವಾಗಿರುವುದರಿಂದ ಇಲ್ಲಿನ ಆಯ್ಕೆ ಹಣಕ್ಕಿಂತ ಹೆಚ್ಚಾಗಿ ಕ್ರಮಕ್ಕೆ ಸಂಬಂಧಿಸಿದ್ದು. ಫ್ರೀಕೋಡ್‌ಕ್ಯಾಂಪ್‌ನಲ್ಲಿ ಬ್ರೌಸರಿನೊಳಗೇ ಪಾಠ ಓದಿ, ಅಲ್ಲೇ ಕೋಡ್ ಬರೆದು, ಅಲ್ಲೇ ಪರೀಕ್ಷಿಸಿಕೊಳ್ಳಬಹುದು. ಸಮಯ ಕಡಿಮೆ ಇರುವವರಿಗೆ ಇದು ದೊಡ್ಡ ಅನುಕೂಲ, ಆದರೆ ಇದೇ ಅನುಕೂಲದಿಂದಾಗಿ ಸ್ವಂತ ಕಂಪ್ಯೂಟರಿನಲ್ಲಿ ಫೋಲ್ಡರ್ ಮಾಡಿ, ಎಡಿಟರ್ ತೆರೆದು, ಟರ್ಮಿನಲ್‌ನಲ್ಲಿ ಸರ್ವರ್ ನಡೆಸುವ ಕೆಲಸ ಕಲಿಯದೆ ಉಳಿದುಬಿಡುವುದೂ ಉಂಟು. ಓಡಿನ್ ಪ್ರಾಜೆಕ್ಟ್ ಇದಕ್ಕೆ ವಿರುದ್ಧ ದಿಕ್ಕಿನದು: ಆರಂಭದಲ್ಲೇ ಕಲಿಯುವವರ ಯಂತ್ರದ ಮೇಲೆ ಎಲ್ಲವನ್ನೂ ಹೊಂದಿಸಲು ಹೇಳಿ, ಬೇರೆಡೆಯ ಓದನ್ನು ಸೂಚಿಸಿ, ಪ್ರಾಜೆಕ್ಟುಗಳನ್ನು ಮಾಡಿಸುತ್ತದೆ. ಅದರ ಆರಂಭ ಕಠಿಣ, ಆದರೆ ಮಾಡಿ ಮುಗಿಸಿದವರ ಕೈ ಗಟ್ಟಿಯಾಗಿರುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಿಎಸ್50 ಮೂಲತಃ ವೆಬ್ ಕೋರ್ಸ್ ಅಲ್ಲ. ಅದು ಸಿ ಭಾಷೆಯಿಂದ ಹೊರಟು ಪೈಥಾನ್ ಮತ್ತು ಡೇಟಾಬೇಸಿನ ಭಾಷೆಯಾದ ಎಸ್‌ಕ್ಯೂಎಲ್ ದಾಟಿ, ಕೊನೆಯ ಭಾಗದಲ್ಲಿ ವೆಬ್‌ಗೆ ಬರುತ್ತದೆ. ಗಣಕಶಾಸ್ತ್ರದ ಹಿನ್ನೆಲೆ ಇಲ್ಲದೆ ಬ್ಯಾಕ್ ಎಂಡ್ ಕಡೆಗೆ ಒಲವುಳ್ಳವರಿಗೆ ಈ ಸುತ್ತುದಾರಿ ವ್ಯರ್ಥವಲ್ಲ.

ವಿಡಿಯೊ ಪಾಠಗಳ ಬಗ್ಗೆ ನನ್ನ ಅಭಿಪ್ರಾಯ ಅಷ್ಟೇನೂ ಉದಾರವಲ್ಲ. ಒಂದು ಪರಿಕಲ್ಪನೆಯನ್ನು ಮೊದಲ ಬಾರಿಗೆ ಗ್ರಹಿಸಲು ಅವು ನೆರವಾಗುತ್ತವೆ, ನಿಜ. ಆದರೆ ಇನ್ನೊಬ್ಬರು ತಡೆಯಿಲ್ಲದೆ ಕೋಡ್ ಬರೆಯುತ್ತ ಹೋಗುವುದನ್ನು ನೋಡುವಾಗ ಎಲ್ಲವೂ ತಿಳಿದಂತೆ ತೋರಿ, ಖಾಲಿ ಫೈಲಿನ ಮುಂದೆ ಕುಳಿತಾಗ ಮೊದಲ ಸಾಲೇ ಹೊಳೆಯುವುದಿಲ್ಲ. ವಿಡಿಯೊ ನೋಡಿದ ಮೇಲೆ ಅದನ್ನು ಮುಚ್ಚಿ, ಅದೇ ವಿಷಯವನ್ನು ಸ್ವಲ್ಪ ಬದಲಿಸಿ ಬರೆಯುವವರಿಗೆ ಮಾತ್ರ ಅದರ ಪ್ರಯೋಜನ ಪೂರ್ತಿ ದಕ್ಕುತ್ತದೆ. ವೆಬ್ ತಂತ್ರಜ್ಞಾನಗಳನ್ನು ವಿವರಿಸುವ ಎಂಡಿಎನ್ ಜಾಲತಾಣದಂತಹ ಆಕರ ದಸ್ತಾವೇಜುಗಳನ್ನು ಓದುವ ರೂಢಿ ಮೊದಮೊದಲು ನೀರಸವೆನಿಸಿದರೂ, ಯಾವ ದಾರಿ ಹಿಡಿದರೂ ಕೊನೆಯವರೆಗೆ ಜೊತೆಗಿರುವ ಆಕರ ಅದೇ. ಕೋಡ್ ಬರೆದುಕೊಡುವ ಎಐ ಸಹಾಯಕಗಳಿಗೂ ಇಲ್ಲಿ ಒಂದು ಮಿತಿ ಹಾಕಿಕೊಳ್ಳಬೇಕು: ಅವುಗಳಿಂದ ವಿವರಣೆ ಕೇಳುವುದು, ತಾನು ಬರೆದದ್ದನ್ನು ವಿಮರ್ಶೆ ಮಾಡಿಸುವುದು ಕಲಿಕೆಗೆ ಒದಗುತ್ತದೆ, ಮೊದಲ ಅಪ್ಲಿಕೇಶನ್ನನ್ನೇ ಅವುಗಳಿಂದ ಬರೆಸಿಕೊಂಡರೆ, ಯಾವ ಸಮಸ್ಯೆ ತನಗೆ ಒಗ್ಗುತ್ತದೆ ಎಂದು ತಿಳಿಯುವ ಅವಕಾಶವೇ ತಪ್ಪಿಹೋಗುತ್ತದೆ.

ಸರ್ವರಿನ ಭಾಷೆ

ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್ ಬಿಟ್ಟರೆ ಬೇರೆ ಆಯ್ಕೆ ಇಲ್ಲವೆಂದೇ ಹೇಳಬಹುದು. ಸರ್ವರಿನಲ್ಲಿ ಆಯ್ಕೆಗಳು ಹಲವು, ಮತ್ತು ಹೊಸಬರು ಇದರ ಮೇಲೆ ವ್ಯಯಿಸುವ ಚಿಂತೆ ಅದರ ಯೋಗ್ಯತೆಗಿಂತ ಹೆಚ್ಚು. 2009ರಲ್ಲಿ ರಯಾನ್ ಡಾಲ್ ಹೊರತಂದ, ಜಾವಾಸ್ಕ್ರಿಪ್ಟನ್ನು ಸರ್ವರಿನಲ್ಲಿ ನಡೆಸುವ ನೋಡ್‌ನಿಂದ ಎರಡೂ ಕಡೆ ಒಂದೇ ಭಾಷೆ ಬಳಸಲು ಸಾಧ್ಯವಾಯಿತು. ಒಬ್ಬರೇ ಕಲಿಯುವವರಿಗೆ ಇದರಿಂದ ಭಾರ ಕಡಿಮೆಯಾಗುತ್ತದೆ. ಪೈಥಾನ್‌ನ ಜ್ಯಾಂಗೋ ಫ್ರೇಮ್‌ವರ್ಕಿನಲ್ಲಿ ಲಾಗಿನ್ ವ್ಯವಸ್ಥೆ, ಆಡಳಿತದ ಪುಟಗಳು, ಡೇಟಾಬೇಸ್ ಬದಲಾವಣೆಗಳ ನಿರ್ವಹಣೆ ಎಲ್ಲವೂ ಜೊತೆಗೇ ಬರುವುದರಿಂದ, ಅನುಭವಸ್ಥರು ಒಂದು ಅಪ್ಲಿಕೇಶನ್ನನ್ನು ಹೇಗೆ ವಿಂಗಡಿಸುತ್ತಾರೆ ಎಂಬುದು ಅದರ ರಚನೆಯಿಂದಲೇ ತಿಳಿಯುತ್ತದೆ. 1995ರಲ್ಲಿ ಬಂದ ಪಿಎಚ್‌ಪಿಯನ್ನು ಹಳೆಯದೆಂದು ತಳ್ಳಿಹಾಕುವವರಿದ್ದಾರೆ. ಆದರೆ ಪ್ರತಿ ವಿನಂತಿಗೂ ಹೊಸದಾಗಿ ಆರಂಭವಾಗಿ ಉತ್ತರ ಕೊಟ್ಟೊಡನೆ ಮುಗಿಯುವ ಅದರ ರೂಢಿಯ ನಡೆ ಎಚ್‌ಟಿಟಿಪಿಯ ನಡೆಗೆ ತೀರ ಹತ್ತಿರವಾಗಿರುವುದರಿಂದ, ಸರ್ವರ್ ಏನು ಮಾಡುತ್ತದೆ ಎಂಬುದನ್ನು ಅದರಷ್ಟು ಸರಳವಾಗಿ ತೋರಿಸುವ ಭಾಷೆ ಕಡಿಮೆ. ಬೇರೆ ಕಾರಣ ಇಲ್ಲದಿದ್ದರೆ ನೋಡ್ ಹಿಡಿಯಬಹುದು. ಡೇಟಾ ವಿಶ್ಲೇಷಣೆಯ ಕಡೆಗೂ ಒಲವಿದ್ದರೆ ಪೈಥಾನ್. ಯಾವುದನ್ನು ಹಿಡಿದರೂ ಎಸ್‌ಕ್ಯೂಎಲ್ ತಪ್ಪದು. 1970ರಲ್ಲಿ ಎಡ್ಗರ್ ಕಾಡ್ ಮಂಡಿಸಿದ ರಿಲೇಷನಲ್ ಮಾದರಿಯಿಂದ ಬೆಳೆದ ಆ ಭಾಷೆ ಇಲ್ಲಿ ಹೆಸರಿಸಿದ ಎಲ್ಲ ಫ್ರೇಮ್‌ವರ್ಕುಗಳಿಗಿಂತ ಹಳೆಯದು.

ಒಂದು ಪೂರ್ಣ ಅಪ್ಲಿಕೇಶನ್

ಪರಿಣತಿಯ ಪ್ರಶ್ನೆಗೆ ಉತ್ತರ ಹೊರಡುವುದು ಇಲ್ಲಿಂದ. ಉದಾಹರಣೆಗೆ, ಒಂದು ಸಣ್ಣ ಗ್ರಂಥಾಲಯದ ಪುಸ್ತಕಗಳನ್ನು ಯಾರು ಎರವಲು ಒಯ್ದಿದ್ದಾರೆ ಎಂದು ದಾಖಲಿಸುವ ಅಪ್ಲಿಕೇಶನ್ನನ್ನು ತೆಗೆದುಕೊಳ್ಳೋಣ. ಅದರಲ್ಲಿ ಸದಸ್ಯರು ಹೆಸರು ನೋಂದಾಯಿಸಬೇಕು, ಪಾಸ್‌ವರ್ಡ್ ಹಾಗೆಯೇ ಉಳಿಯದೆ ಹ್ಯಾಶ್ ಆಗಿ (ಮೂಲಕ್ಕೆ ಮರಳಿಸಲಾಗದ ರೂಪದಲ್ಲಿ) ಸೇರಬೇಕು, ಸದಸ್ಯರು, ಪುಸ್ತಕಗಳು ಮತ್ತು ಎರವಲುಗಳು ಬೇರೆ ಬೇರೆ ಟೇಬಲ್‌ಗಳಲ್ಲಿದ್ದು ಒಂದಕ್ಕೊಂದು ಹೊಂದಿಕೊಂಡಿರಬೇಕು, ತಪ್ಪು ಮಾಹಿತಿ ತುಂಬಿದರೆ ಬ್ರೌಸರಿನಲ್ಲೂ ಸರ್ವರಿನಲ್ಲೂ ತಡೆಯಾಗಬೇಕು, ಕೊನೆಗೆ ಇಡೀ ಅಪ್ಲಿಕೇಶನ್ ಎಚ್‌ಟಿಟಿಪಿಯ ಸುರಕ್ಷಿತ ರೂಪವಾದ ಎಚ್‌ಟಿಟಿಪಿಎಸ್ ಸಹಿತ ಒಂದು ಸ್ವಂತ ವಿಳಾಸದಲ್ಲಿ ನಡೆಯಬೇಕು. ಹೊಸಬರ ಪ್ರಾಜೆಕ್ಟುಗಳು ಬಹುತೇಕ ಈ ಕೊನೆಯ ಹಂತಕ್ಕೆ ಮುಂಚೆಯೇ ನಿಂತುಬಿಡುತ್ತವೆ. ಆದರೆ ಸ್ವಂತ ಯಂತ್ರದಲ್ಲಿ ಸರಾಗವಾಗಿದ್ದದ್ದು ಹೋಸ್ಟಿಂಗ್‌ಗೆ ಹೋದಾಗ ಏಕೆ ಮುರಿಯುತ್ತದೆ ಎಂಬುದನ್ನು ಆ ಹಂತ ಬಿಟ್ಟು ಬೇರೆ ಯಾವುದೂ ಕಲಿಸುವುದಿಲ್ಲ.

ಇಂಥ ಅಪ್ಲಿಕೇಶನ್ನಿನಲ್ಲಿ ಬೇಗನೆ ಎರಡು ಬಗೆಯ ತೊಂದರೆಗಳು ತಲೆದೋರುತ್ತವೆ. ಕೊನೆಯ ಒಂದೇ ಪ್ರತಿ ಉಳಿದಿರುವ ಪುಸ್ತಕವನ್ನು ಇಬ್ಬರು ಒಂದೇ ಕ್ಷಣದಲ್ಲಿ ಕೇಳಿ, ಇಬ್ಬರಿಗೂ ಸಿಕ್ಕಿತೆಂದು ತೋರಿಸಿಬಿಡುವುದು ಒಂದು ಬಗೆ. ಇದನ್ನು ಸರಿಪಡಿಸಲು ಡೇಟಾಬೇಸಿನ ಟ್ರಾನ್ಸಾಕ್ಷನ್ ಎಂದರೇನು, ಲಾಕ್ ಎಲ್ಲಿ ಬೀಳುತ್ತದೆ, ಎರಡು ವಿನಂತಿಗಳು ಹೇಗೆ ಹೆಣೆದುಕೊಳ್ಳುತ್ತವೆ ಎಂದು ಯೋಚಿಸಬೇಕು. ಉದ್ದನೆಯ ಶೀರ್ಷಿಕೆಯ ಪುಸ್ತಕವೊಂದು ಸಣ್ಣ ಪರದೆಯಲ್ಲಿ ಪಟ್ಟಿಯ ಅಗಲವನ್ನೇ ಕೆಡಿಸುವುದು, ಅಥವಾ ಮೌಸ್ ಇಲ್ಲದೆ ಕೀಬೋರ್ಡಿನಿಂದಷ್ಟೇ ಬಳಸುವವರು ಎರವಲಿನ ಬಟನ್ ತಲುಪಲಾಗದೆ ಸಿಕ್ಕಿಕೊಳ್ಳುವುದು ಇನ್ನೊಂದು ಬಗೆ. ಈ ಎರಡರಲ್ಲಿ ಯಾವುದನ್ನು ಬಿಡಿಸುವಾಗ ಹೊತ್ತು ಹೋದದ್ದು ತಿಳಿಯಲಿಲ್ಲ, ಯಾವುದನ್ನು ಬೇಗ ಮುಗಿಸಿ ಏಳೋಣ ಅನಿಸಿತು ಎಂಬುದನ್ನು ಗಮನಿಸಬೇಕು. ಉದ್ಯೋಗ ಮಾರುಕಟ್ಟೆಯ ಬಗೆಗಿನ ಮಾತುಗಳಿಗಿಂತ, ಬಣ್ಣ ಇಷ್ಟವೋ ತರ್ಕ ಇಷ್ಟವೋ ಎಂಬ ಮೇಲುಮೇಲಿನ ಪ್ರಶ್ನೆಗಿಂತ ಇದು ನಂಬತಕ್ಕ ಸೂಚನೆ. ಯಾವ ದಾರಿ ಹಿಡಿದರೂ ವೃತ್ತಿಯ ಬಹುಪಾಲು ಕಾಲ ಕಳೆಯುವುದು ಬಗ್‌ಗಳ ಜೊತೆಗೇ. ಸಹಿಸಬಲ್ಲ ಬಗ್‌ಗಳು ಯಾವುವು ಎಂಬುದರ ಮೇಲೆ ಆಯ್ಕೆ ನಿಲ್ಲಬೇಕು.

ಮೂರು ದಾರಿಗಳ ಹೋಲಿಕೆ

ಫ್ರಂಟ್ ಎಂಡ್ ಸುಲಭವೆಂಬ ನಂಬಿಕೆ ವ್ಯಾಪಕವಾಗಿದೆ, ಮತ್ತು ಅದು ಅರ್ಧ ಸತ್ಯ. ಪ್ರವೇಶ ಸುಲಭ: ಮೊದಲ ದಿನವೇ ಏನಾದರೊಂದು ಪರದೆಯ ಮೇಲೆ ಕಾಣುತ್ತದೆ, ಮಾಡಿದ್ದನ್ನು ಇತರರಿಗೆ ತೋರಿಸಬಹುದು. ಆಳ ಮಾತ್ರ ಕಡಿಮೆಯಲ್ಲ. ಬ್ಯಾಕ್ ಎಂಡ್‌ನಲ್ಲಿ ಕೋಡ್ ಯಾವ ಯಂತ್ರದಲ್ಲಿ ನಡೆಯುತ್ತದೆ ಎಂಬುದನ್ನು ಬರೆದವರೇ ನಿರ್ಧರಿಸುತ್ತಾರೆ. ಫ್ರಂಟ್ ಎಂಡ್ ಕೋಡ್ ನಡೆಯುವುದು ಅಪರಿಚಿತರ ಫೋನುಗಳಲ್ಲಿ, ನಿಧಾನದ ನೆಟ್‌ವರ್ಕುಗಳಲ್ಲಿ, ಬೇರೆ ಬೇರೆ ಬ್ರೌಸರುಗಳಲ್ಲಿ. ಪುಟದ ವೇಗವನ್ನು ಅಳೆಯಲು ಗೂಗಲ್ ರೂಪಿಸಿದ ಮಾನದಂಡಗಳ ಪ್ರಕಾರ, ಪುಟದ ಅತಿ ದೊಡ್ಡ ಅಂಶ 2.5 ಸೆಕೆಂಡುಗಳೊಳಗೆ ಕಾಣಿಸಬೇಕು, ಬಳಕೆದಾರರ ಕ್ರಿಯೆಗೆ 200 ಮಿಲಿಸೆಕೆಂಡುಗಳೊಳಗೆ ಪ್ರತಿಕ್ರಿಯೆ ಬರಬೇಕು. ಹಳೆಯ ಫೋನಿನಲ್ಲಿ ಇದನ್ನು ಸಾಧಿಸುವುದೇ ಒಂದು ಪರಿಣತಿ. ದೃಷ್ಟಿ, ಶ್ರವಣ, ಚಲನೆಯ ತೊಂದರೆ ಇರುವವರಿಗೂ ಪುಟ ಬಳಕೆಗೆ ಬರುವಂತೆ ನೋಡಿಕೊಳ್ಳುವ ಡಬ್ಲ್ಯೂಸಿಎಜಿ ನಿಯಮಾವಳಿ 2023ರಲ್ಲಿ ತನ್ನ 2.2 ಆವೃತ್ತಿಗೆ ಬಂದಿದ್ದು, ಅದನ್ನು ಚೆನ್ನಾಗಿ ಬಲ್ಲವರು ಎಲ್ಲ ಕಡೆಯೂ ವಿರಳ. ಕಲಿಯುತ್ತಿರುವವರಿಗೆ ಇದೊಂದು ಕಡೆಗಣಿಸಲ್ಪಟ್ಟ ಅವಕಾಶವೆಂದೇ ನನಗನ್ನಿಸುತ್ತದೆ. ಈ ದಾರಿಯ ತೊಡಕೆಂದರೆ ಉಪಕರಣಗಳ ಬದಲಾವಣೆಯ ವೇಗ: ಜೆಕ್ವೆರಿ 2006ರಲ್ಲಿ, ಆಂಗ್ಯುಲರ್‌ಜೆಎಸ್ 2010ರಲ್ಲಿ, ರಿಯಾಕ್ಟ್ 2013ರಲ್ಲಿ, ವ್ಯೂ 2014ರಲ್ಲಿ ಬಂದವು, ಮತ್ತು ಪ್ರತಿಯೊಂದೂ ಹಿಂದಿನದರ ರೂಢಿಗಳನ್ನು ಒಂದಿಷ್ಟು ಅಲುಗಾಡಿಸಿತು.

ಬ್ಯಾಕ್ ಎಂಡ್‌ನಲ್ಲಿ ಬದಲಾವಣೆ ನಿಧಾನ. ಇಪ್ಪತ್ತು ವರ್ಷ ಹಿಂದೆ ಕಲಿತ ಇಂಡೆಕ್ಸ್, ಜಾಯಿನ್, ಟ್ರಾನ್ಸಾಕ್ಷನ್‌ಗಳ ಜ್ಞಾನ ಇಂದಿಗೂ ಸಲ್ಲುತ್ತದೆ. ಸಾವಿರ ಸಾಲುಗಳಿದ್ದಾಗ ಕ್ಷಣದಲ್ಲಿ ಬಂದ ಉತ್ತರ ಕೋಟಿ ಸಾಲುಗಳಾದಾಗ ಏಕೆ ತಡವಾಗುತ್ತದೆ, ಹೊರಗಿನಿಂದ ಬಂದ ಪಠ್ಯವನ್ನು ಎಸ್‌ಕ್ಯೂಎಲ್ ವಾಕ್ಯಕ್ಕೆ ನೇರವಾಗಿ ಸೇರಿಸಿದರೆ ಇಂಜೆಕ್ಷನ್ ದಾಳಿಗೆ ಹೇಗೆ ಬಾಗಿಲು ತೆರೆಯುತ್ತದೆ, ಹಣ ಪಾವತಿಯ ವಿನಂತಿ ಎರಡು ಬಾರಿ ಬಂದರೆ ಒಂದೇ ಬಾರಿ ಕಡಿತವಾಗುವಂತೆ ಮಾಡುವುದು ಹೇಗೆ, ಇವು ಇಲ್ಲಿನ ನಿತ್ಯದ ಪ್ರಶ್ನೆಗಳು. ಕೆಲಸ ಕಣ್ಣಿಗೆ ಕಾಣದಿರುವುದು ಇದರ ಅನನುಕೂಲ. ಸ್ವಯಂ ಕಲಿತವರಿಗೆ ಇದು ವಿಶೇಷವಾಗಿ ತಟ್ಟುತ್ತದೆ, ಏಕೆಂದರೆ ಪದವಿಯ ಬದಲು ಮಾಡಿದ ಕೆಲಸವನ್ನೇ ಮುಂದಿಡಬೇಕಾದವರು ಅವರು. ಚೆಂದದ ಪುಟವನ್ನು ತೋರಿಸಿದಷ್ಟು ಸುಲಭವಾಗಿ ಒಳ್ಳೆಯ ಡೇಟಾಬೇಸ್ ವಿನ್ಯಾಸವನ್ನು ತೋರಿಸಲಾಗದು. ಯಾವ ನಿರ್ಧಾರವನ್ನು ಏಕೆ ತೆಗೆದುಕೊಂಡೆ ಎಂದು ವಿವರಿಸುವ ದಸ್ತಾವೇಜು, ಪರೀಕ್ಷೆಗಳು, ಲೋಡ್ ಅಳತೆಯ ಫಲಿತಾಂಶಗಳನ್ನು ಕೋಡಿನ ಜೊತೆಗಿಟ್ಟರೆ ಈ ಕೊರತೆ ಬಹುಮಟ್ಟಿಗೆ ತುಂಬುತ್ತದೆ.

ಫುಲ್ ಸ್ಟಾಕ್ ಎಂಬುದಕ್ಕೆ ಎರಡು ಅರ್ಥಗಳು ಚಾಲ್ತಿಯಲ್ಲಿವೆ. ಒಂದು ಕಡೆ ಆಳವಾಗಿ ಬಲ್ಲವರಾಗಿದ್ದು, ಇನ್ನೊಂದು ಕಡೆಯ ಕೆಲಸವನ್ನು ಬೇರೆಯವರಿಗೆ ಕಾಯದೆ ಮಾಡಿ ಮುಗಿಸಬಲ್ಲವರು ಒಂದು ಬಗೆ. ಎರಡೂ ಕಡೆಯ ಫ್ರೇಮ್‌ವರ್ಕುಗಳ ಮೊದಲ ಅಧ್ಯಾಯವನ್ನಷ್ಟೇ ಓದಿದವರು ಇನ್ನೊಂದು ಬಗೆ. ಮೊದಲ ಅರ್ಥದ ಫುಲ್ ಸ್ಟಾಕ್ ಸಣ್ಣ ತಂಡಗಳಿಗೆ ಅತ್ಯಗತ್ಯ. ಇಬ್ಬರು ಮೂವರಿರುವಲ್ಲಿ ಒಬ್ಬರು ಸಿಎಸ್‌ಎಸ್ ಮುಟ್ಟುವುದಿಲ್ಲವೆಂದು ಕೂರಲಾಗದು. ಒಂಟಿಯಾಗಿ ಗ್ರಾಹಕರಿಗೆ ಕೆಲಸ ಮಾಡಿಕೊಡುವವರಿಗೂ, ಸ್ವಂತ ಉತ್ಪನ್ನ ಕಟ್ಟಬೇಕೆಂದಿರುವವರಿಗೂ ಇದೇ ಸರಿಯಾದ ದಾರಿ, ಅವರು ಪರಿಣತಿಯ ಪ್ರಶ್ನೆಯನ್ನು ವರ್ಷಗಳ ಕಾಲ ಬದಿಗಿಟ್ಟರೂ ನಷ್ಟವಿಲ್ಲ. ದೊಡ್ಡ ತಂಡಗಳಲ್ಲಿ ಕೆಲಸ ತಾನಾಗಿಯೇ ಹಂಚಿಹೋಗಿ, ಪಾವತಿ ವ್ಯವಸ್ಥೆ, ಹುಡುಕಾಟ, ವಿನ್ಯಾಸ ಘಟಕಗಳು ಎಂದು ಕವಲುಗಳು ಇನ್ನೂ ಸಣ್ಣದಾಗುತ್ತವೆ. ಅಲ್ಲಿ ಎಲ್ಲವನ್ನೂ ಅಷ್ಟಿಷ್ಟು ಬಲ್ಲವರಿಗಿಂತ ಒಂದನ್ನು ಚೆನ್ನಾಗಿ ಬಲ್ಲವರಿಗೆ ಹೆಚ್ಚು ಬೆಲೆ.

ಉಪಕರಣವನ್ನೇ ಪರಿಣತಿಯೆಂದು ಹಿಡಿದರೆ

ಒಂದು ಕಾಲಕ್ಕೆ ಅನಿಮೇಷನ್, ಆಟ, ವಿಡಿಯೊ ಎಲ್ಲಕ್ಕೂ ಫ್ಲ್ಯಾಶ್ ಬೇಕಾಗಿತ್ತು, ಫ್ಲ್ಯಾಶ್ ಬಲ್ಲವರಿಗೆ ಕೆಲಸಕ್ಕೆ ಕೊರತೆ ಇರಲಿಲ್ಲ. ಅಡೋಬಿ ಸಂಸ್ಥೆ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರಿನ ಬೆಂಬಲವನ್ನು ಕೊನೆಗೊಳಿಸಿತು. ಬೇಡಿಕೆ ಕುಸಿದಿದ್ದು ಅದಕ್ಕೂ ಎಷ್ಟೋ ಮುಂಚೆ. ಆಂಗ್ಯುಲರ್‌ಜೆಎಸ್ ಕಥೆ ಇನ್ನಷ್ಟು ಬೋಧಪ್ರದವಾಗಿದೆ. 2016ರಲ್ಲಿ ಬಂದ ಅದರ ಮುಂದಿನ ಆವೃತ್ತಿಯನ್ನು ಬಹುಮಟ್ಟಿಗೆ ಹೊಸದಾಗಿಯೇ ಬರೆಯಲಾಗಿದ್ದರಿಂದ, ಹೆಸರು ಹೆಚ್ಚುಕಡಿಮೆ ಅದೇ ಉಳಿದರೂ ಹಳೆಯ ಕೋಡನ್ನು ಹಾಗೆಯೇ ಅದಕ್ಕೆ ಒಯ್ಯುವಂತಿರಲಿಲ್ಲ. ಹಳೆಯದರ ಅಧಿಕೃತ ಬೆಂಬಲ 2021ರ ಅಂತ್ಯಕ್ಕೆ ನಿಂತಿತು. ಈ ಎರಡೂ ಸಂದರ್ಭಗಳಲ್ಲಿ ಪೆಟ್ಟು ತಿಂದವರು ಉಪಕರಣದ ಬಟನ್‌ಗಳನ್ನಷ್ಟೇ ಬಲ್ಲವರು. ಫ್ಲ್ಯಾಶ್‌ನ ಆ್ಯಕ್ಷನ್‌ಸ್ಕ್ರಿಪ್ಟ್ ಮತ್ತು ಜಾವಾಸ್ಕ್ರಿಪ್ಟ್ ಎರಡೂ ಇಸಿಎಂಎಸ್ಕ್ರಿಪ್ಟ್ ಎಂಬ ಒಂದೇ ಮಾನಕಕ್ಕೆ ಸೇರಿದವಾದ್ದರಿಂದ, ಭಾಷೆಯನ್ನೂ ಚಲನೆಯ ಲೆಕ್ಕಾಚಾರವನ್ನೂ ಅರಿತವರಿಗೆ ದಾಟುವ ಸೇತುವೆ ಇತ್ತು. ಹೀಗಾಗಿ ತನ್ನನ್ನು ರಿಯಾಕ್ಟ್ ಪರಿಣತರೆಂದು ಗುರುತಿಸಿಕೊಳ್ಳುವುದಕ್ಕಿಂತ, ಸಂಕೀರ್ಣ ಬಳಕೆಯ ಪುಟಗಳನ್ನು ವೇಗವಾಗಿ ನಡೆಯುವಂತೆ ಕಟ್ಟಬಲ್ಲವರೆಂದು ರೂಪಿಸಿಕೊಳ್ಳುವುದು ಹೆಚ್ಚು ಕಾಲ ಬಾಳುತ್ತದೆ. ಆ ಕೆಲಸಕ್ಕೆ ಇಂದು ರಿಯಾಕ್ಟ್ ಬೇಕಾಗಿರಬಹುದು, ಅದನ್ನು ಚೆನ್ನಾಗಿಯೇ ಕಲಿಯಬೇಕು, ಆ ಮಾತು ಬೇರೆ.

ಇದಕ್ಕೆ ಅಪವಾದವೆನಿಸುವ ಒಂದು ಉಪಕರಣವಿದೆ. 2003ರಿಂದ ನಡೆದುಬಂದಿರುವ ವರ್ಡ್‌ಪ್ರೆಸ್ ಜಗತ್ತಿನ ಜಾಲತಾಣಗಳಲ್ಲಿ ಶೇ. 40ಕ್ಕೂ ಹೆಚ್ಚಿನವುಗಳ ಹಿಂದಿದೆ; ಅಷ್ಟು ದೊಡ್ಡ ನೆಲೆ ಒಂದೆರಡು ವರ್ಷಗಳಲ್ಲಿ ಕರಗುವುದಿಲ್ಲ. ಬೇಗನೆ ಸಂಪಾದನೆ ಆರಂಭಿಸಬೇಕಾದ ಒತ್ತಡವಿರುವವರಿಗೆ ಇದು ಗೌರವದ ದಾರಿಯೇ, ರೆಡಿಮೇಡ್ ಥೀಮ್‌ಗಳನ್ನು ಹೊಂದಿಸುವುದರಲ್ಲಿ ನಿಲ್ಲದೆ ಸ್ವಂತ ಪ್ಲಗಿನ್ ಬರೆಯುವಷ್ಟು ಪಿಎಚ್‌ಪಿ ಕಲಿತರೆ.

ಯಾವಾಗ ನಿರ್ಧರಿಸುವುದು, ತಪ್ಪಿದರೆ ಏನಾಗುತ್ತದೆ

ಪೂರ್ಣ ಅಪ್ಲಿಕೇಶನ್ ಒಂದನ್ನು ಮುಗಿಸಿ, ಎರಡನೆಯದನ್ನು ಯಾರ ಪಾಠವನ್ನೂ ಅನುಸರಿಸದೆ ಕಟ್ಟಿ, ಆ ಎರಡರ ನಡುವೆ ಯಾವ ಭಾಗಕ್ಕೆ ಮತ್ತೆ ಮತ್ತೆ ಮರಳುವ ಮನಸ್ಸಾಯಿತು ಎಂಬುದು ತಿಳಿದಾಗ ನಿರ್ಧಾರಕ್ಕೆ ಬೇಕಾದ ಆಧಾರ ಸಿಕ್ಕಂತೆ. ಅದಕ್ಕೂ ಮುಂಚೆ ನಿರ್ಧರಿಸಲೇಬೇಕಾದ ಪರಿಸ್ಥಿತಿ ಒಂದುಂಟು: ಕೈಗೆ ಸಿಕ್ಕ ಮೊದಲ ಉದ್ಯೋಗವೇ ಒಂದು ಕಡೆಯದಾಗಿದ್ದರೆ. ಆಗ ಅದನ್ನು ಒಪ್ಪಿಕೊಳ್ಳುವುದೇ ವಿವೇಕ, ಏಕೆಂದರೆ ನಿಜವಾದ ಬಳಕೆದಾರರಿರುವ ಹಳೆಯ ಕೋಡಿನಲ್ಲಿ ಬೇರೆಯವರ ಜೊತೆ ಕೆಲಸ ಮಾಡಿ ಕಲಿಯುವುದು ಒಂಟಿ ಅಭ್ಯಾಸದಲ್ಲಿ ಸಿಗುವುದಿಲ್ಲ.

ಆಯ್ಕೆ ಹೊಂದಿಕೆಯಾಗದಿದ್ದರೆ ಬದಲಿಸಿಕೊಳ್ಳಲು ತಗಲುವ ಬೆಲೆ ಜನ ಅಂಜುವಷ್ಟು ದೊಡ್ಡದಲ್ಲ. ಎಚ್‌ಟಿಟಿಪಿ, ಗಿಟ್, ಡಿಬಗ್ ಮಾಡುವ ಕ್ರಮ, ಪರೀಕ್ಷೆ ಬರೆಯುವ ರೂಢಿ, ಇತರರ ಕೋಡ್ ಓದುವ ತಾಳ್ಮೆ ಇವೆಲ್ಲ ಎರಡೂ ಕಡೆ ಜೊತೆಗೇ ಬರುತ್ತವೆ. ಫ್ರಂಟ್ ಎಂಡ್‌ನಿಂದ ಬ್ಯಾಕ್ ಎಂಡ್‌ಗೆ ಹೋಗುವವರು ಡೇಟಾ ವಿನ್ಯಾಸ ಮತ್ತು ಏಕಕಾಲಿಕ ವಿನಂತಿಗಳ ನಿರ್ವಹಣೆಯನ್ನು ಹೊಸದಾಗಿ ಕಲಿಯಬೇಕಾಗುತ್ತದೆ; ಎದುರು ದಿಕ್ಕಿನಲ್ಲಿ ಬರುವವರಿಗೆ ಸಿಎಸ್‌ಎಸ್‌ನ ವಿನ್ಯಾಸ ಪ್ರಜ್ಞೆ ಮತ್ತು ಬಳಕೆದಾರರ ನಡವಳಿಕೆಯ ಅರಿವು ನಿಧಾನವಾಗಿ ದಕ್ಕುತ್ತದೆ. ನೋಡ್ ಬಲ್ಲ ಫ್ರಂಟ್ ಎಂಡ್‌ನವರಿಗೆ ಭಾಷೆಯ ಅಡ್ಡಿಯೂ ಇರುವುದಿಲ್ಲವಾದ್ದರಿಂದ, ಇರುವ ತಂಡದಲ್ಲೇ ಒಂದು ಎಪಿಐಯ (ಬ್ರೌಸರಿನ ಕೋಡ್ ಸರ್ವರಿನಿಂದ ಡೇಟಾ ಕೇಳುವ ವ್ಯವಸ್ಥೆಯ) ಸಣ್ಣ ಬದಲಾವಣೆಯನ್ನು ಕೇಳಿ ವಹಿಸಿಕೊಂಡು, ಅದರಿಂದಲೇ ಆ ಕಡೆಗೆ ದಾಟಲು ಆರಂಭಿಸಬಹುದು.